ಅದೇ ಜಾಗ

‘ಇನ್ನೊಬ್ಬರು ಬರ್ತಾರೆ’ ಎಂದು ಮತ್ತೊಮ್ಮೆ ಹೇಳುವಾಗ ಕನ್ನಡಕದಮ್ಮನಿಗೆ ತನ್ನ ದನಿ ಸುಳ್ಳು ಹೇಳುವವರ ದನಿಯ ಹಾಗೆ ಕೇಳಿಸಿತು. ಆರ್ಡರ್ ಕೇಳಲು ಬಂದ ಹುಡುಗಿ, ‘ಪರವಾಗಿಲ್ಲ ಮ್ಯಾಡಮ್, ನಿಧಾನಕ್ಕೆ ಬರಲಿ’ ಎಂದು ನಕ್ಕು ಹೋದಳು. ಆ ನಗುವಿನ ಪರಿಚಯ ಆಕೆಗೆ ಚೆನ್ನಾಗಿಯೇ ಇತ್ತು. ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಕಾಣದೆ ಅಂದಾಜಿನ ಮೇಲೆ ಏನೋ ಒಂದು ಓದಿ ಹೇಳುವ ಮುದುಕರಿಗೆ, ‘ಹೂಂ, ಸರಿ ಸರಿ’ ಎನ್ನುತ್ತ ತಾನೇ ಎಷ್ಟು ಸಲ ಹಾಗೆ ನಕ್ಕಿಲ್ಲ. ಕನ್ನಡಕದ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು, ಊರವರ ಮೂಗಿಗೂ ಕಿವಿಗೂ ಹೊಂದುವಂತೆ ಫ್ರೇಮು ಬಗ್ಗಿಸಿ ಬಗ್ಗಿಸಿ, ಆಕೆ ಬೀದಿಗೆಲ್ಲ ಕನ್ನಡಕದಮ್ಮನಾಗಿದ್ದಳು. ಅಂಗಡಿಯಲ್ಲಾದರೆ ಎದುರಿಗಿದ್ದವರು ಮುಖ ಒಪ್ಪಿಸಿ ಸುಮ್ಮನೆ ಕೂರುತ್ತಿದ್ದರು. ಇಲ್ಲಿ ತಾನೇ ಎಲ್ಲರಿಗೂ ಮುಖ ಒಪ್ಪಿಸಿ ಕೂತ ಹಾಗಾಗಿತ್ತು. ಕಿಟಕಿ ಪಕ್ಕದ ಕೆಂಪು ರೆಕ್ಸಿನ್ನಿನ ಉದ್ದದ ಸೀಟು, ಅಲುಗಾಡಿದರೆ ಉಸ್ಸೆನ್ನುವ ಅದರ ಗಾಳಿ, ಎದುರಿಗೆ ಇನ್ನೊಂದು ಅಂಥದೇ ಖಾಲಿ ಸೀಟು. ಮೇಜಿನ ಮೇಲೆ ಊಟದ ಫೋಟೋಗಳ ದೊಡ್ಡ ಕಾರ್ಡು. ಫೋಟೋದಲ್ಲಿ ಸೂಪಿನಿಂದ ಹಬೆ ಏಳುತ್ತಿತ್ತು, ಆ ಹಬೆ ಎಷ್ಟು ಹೊತ್ತು ನೋಡಿದರೂ ಚದುರುತ್ತಿರಲಿಲ್ಲ.

ಇಂಥ ಹೋಟೆಲುಗಳು ಊರಿನ ತುಂಬ ಇದ್ದವು. ಒಂದೇ ಹೆಸರು, ಒಂದೇ ಕೆಂಪು, ಗೋಡೆಗೆ ಒರಗಿಸಿಟ್ಟ ಹಸಿರು ಸೈಕಲ್ಲಿನ ಒಂದೇ ಚಿತ್ರ. ಒಂದು ಶಾಖೆಯಲ್ಲಿ ಕಣ್ಣು ಮುಚ್ಚಿ ಇನ್ನೊಂದರಲ್ಲಿ ತೆರೆದರೆ ಗೊತ್ತಾಗುವ ಹಾಗಿರಲಿಲ್ಲ. ಮಗನಿಗೆ ಅದೇ ಆಗದು. ‘ಎಲ್ಲಿ ಹೋದರೂ ಒಂದೇ ರುಚಿ, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು’ ಎನ್ನುತ್ತಿದ್ದ. ಆದರೆ ಸೊಸೆ ಬಂದ ಹೊಸದರಲ್ಲಿ ಅತ್ತೆ ಸೊಸೆ ಇಬ್ಬರಿಗೂ ಅದೇ ಇಷ್ಟವಾಗಿತ್ತು. ಮನೆಯ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ, ‘ನೀವು ಮಾಡಿ’ ‘ಇಲ್ಲ, ನೀನೇ ಮಾಡು’ ಎನ್ನುತ್ತ, ಕೊನೆಗೆ ಒಲೆಯ ಮೇಲಿದ್ದುದನ್ನು ಸೀಯಿಸಿಬಿಡುತ್ತಿದ್ದರು. ಇಲ್ಲಿ ಅಡುಗೆ ಇಬ್ಬರದ್ದೂ ಅಲ್ಲ. ಉಪ್ಪು ಹೆಚ್ಚಾದರೆ ಇಬ್ಬರೂ ಸೇರಿ ಬೈಯಬಹುದು. ಹಾಗೆ ಬೈಯುತ್ತ ಬೈಯುತ್ತಲೇ ಒಬ್ಬರಿಗೊಬ್ಬರು ಹತ್ತಿರವಾದದ್ದು. ಸೊಸೆ ಮಕ್ಕಳಿಗೆ ಈಜು ಕಲಿಸುವವಳು. ಕೊಳದಿಂದ ನೇರ ಬರುತ್ತಿದ್ದಳು, ಒದ್ದೆ ಕೂದಲು, ಮೈಯಿಂದ ನೀರಿಗೆ ಹಾಕುವ ಔಷಧದ ವಾಸನೆ. ಕೂತವಳೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುವಳು. ‘ಅತ್ತೆ, ಇವತ್ತು ಒಬ್ಬ ನನ್ನ ಕತ್ತು ಹಿಡ್ಕೊಂಡು ಬಿಡಲೇ ಇಲ್ಲ. ಮುಳುಗಿದ್ರೆ ಇಬ್ಬರೂ ಮುಳುಗೋಣ ಮಿಸ್ ಅಂತಾನೆ.’ ಎಷ್ಟು ನಕ್ಕಿದ್ದರೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದ್ದರು. ಅದು ಯಾವ ಶಾಖೆ, ಯಾವ ವರ್ಷ, ಈಗ ಹೇಳಲು ಬರುವುದಿಲ್ಲ. ಸೀಟು ಮಾತ್ರ ಇದೇ, ಸೈಕಲ್ಲೂ ಇದೇ.

ಮಗ ಸೊಸೆ ಬೇರೆಯಾಗಿ ವರ್ಷದ ಮೇಲಾಯಿತು. ಯಾರದು ತಪ್ಪು ಎಂದು ಹಲವರು ಕೇಳಿದರು. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ಜಗಳವೂ ಅಂಥ ಜಗಳವಲ್ಲ. ಮಾತು ಕಡಿಮೆಯಾಯಿತು. ಮೊದಲು ಊಟದ ಹೊತ್ತಿನ ಮಾತು ಹೋಯಿತು, ಆಮೇಲೆ ಬೆಳಗಿನದು, ಆಮೇಲೆ ‘ಬಾಗಿಲು ಹಾಕಿದ್ಯಾ’ ಎನ್ನುವುದೂ ಹೋಯಿತು. ಇಬ್ಬರೂ ತನ್ನ ಮೂಲಕ ಮಾತಾಡತೊಡಗಿದರು. ‘ಅಮ್ಮ, ನಾಳೆ ನಾನು ಬರೋದು ತಡ ಅಂತ ಹೇಳು.’ ಕೇಳಬೇಕಾದವಳು ಅಲ್ಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಸೂಟ್‌ಕೇಸು ಹಿಡಿದು ಸೊಸೆ ಹೊರಟ ದಿನ ಮಗ ಒಳಕೋಣೆಯಲ್ಲಿದ್ದ. ಕನ್ನಡಕದಮ್ಮ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಸೊಸೆ ಬಾಗಿಲ ಹತ್ತಿರ ಬಂದು, ‘ಅತ್ತೆ, ಹೋಗಿಬರ್ತೀನಿ’ ಎಂದಳು. ದಿನಾ ಹೇಳುವ ಮಾತು, ಬಾಯಿಗೆ ತಾನಾಗಿ ಬಂದುಬಿಟ್ಟಿತು. ಹೇಳಿದ ಮೇಲೆ ಇಬ್ಬರಿಗೂ ಆ ‘ಬರ್ತೀನಿ’ಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ‘ಹುಷಾರು’ ಎಂದಿದ್ದಳು ಆಕೆ, ನಲ್ಲಿಯ ನೀರು ನಿಲ್ಲಿಸದೆ.

‘ಮ್ಯಾಡಮ್, ಸ್ವಲ್ಪ ತೊಂದರೆ ಕೊಡಬಹುದಾ?’

ಕಪ್ಪು ಕೋಟಿನ ಮ್ಯಾನೇಜರು. ಅವನ ಹಿಂದೆ ಬಾಗಿಲ ಹತ್ತಿರ ಗಂಡ, ಹೆಂಡತಿ, ಮಕ್ಕಳ ಒಂದು ಗುಂಪು ನಿಂತು ಈ ಮೇಜನ್ನೇ ನೋಡುತ್ತಿತ್ತು. ಇದು ನಾಲ್ಕು ಜನರ ಮೇಜು, ಇವತ್ತು ರಜಾದಿನ, ರಶ್ಶು. ನಿಮ್ಮವರು ಬರುವವರೆಗೆ ಒಳಗಡೆ ಇಬ್ಬರು ಕೂರುವ ಜಾಗವಿದೆ. ಅವನು ಪೂರ್ತಿ ಹೇಳಿ ಮುಗಿಸುವ ಮೊದಲೇ ಆಕೆ ಎದ್ದಿದ್ದಳು. ‘ಅಯ್ಯೋ, ಅದಕ್ಕೇನಂತೆ, ಕೂತ್ಕೊಳ್ಳಲಿ ಪಾಪ’ ಎಂದು ನಗುತ್ತ ಬ್ಯಾಗು, ನೀರಿನ ಲೋಟ, ಫೋನು ಎಲ್ಲ ತಾನೇ ಎತ್ತಿಕೊಂಡು ಹೊರಟಾಗ, ಅಷ್ಟು ಬೇಗ ಏಳಬಾರದಿತ್ತು ಎನಿಸಿತು. ತುಸು ಹೊತ್ತು ಮುಖ ಗಂಟು ಹಾಕಿಕೊಂಡಾದರೂ ಏಳಬೇಕಿತ್ತು. ಹೊಸ ಮೇಜು ಕೈ ತೊಳೆಯುವ ಜಾಗದ ಬಾಗಿಲಿಗೆ ಅಂಟಿಕೊಂಡಿತ್ತು. ಯಾರಾದರೂ ಕೈ ಒಣಗಿಸಿಕೊಂಡರೆ ಒಳಗಿನ ಯಂತ್ರ ಹೂಂಗುಟ್ಟುವುದು, ಬಾಗಿಲು ತೆರೆದಾಗೆಲ್ಲ ಸೋಪಿನ ವಾಸನೆ. ಒಳಗಿಂದ ಬಂದವರು ಆಕೆಯನ್ನು ಒಂದು ಕ್ಷಣ ಅಲ್ಲಿಯ ಕೆಲಸದವಳೆಂದುಕೊಂಡು, ಅಲ್ಲವೆಂದು ತಿಳಿದು ಕಣ್ಣು ತಿರುಗಿಸುವರು. ಒಬ್ಬ ಹೆಂಗಸಂತೂ ‘ಒಳಗೆ ಟಿಶ್ಯೂ ಮುಗಿದಿದೆ’ ಎಂದೇಬಿಟ್ಟಳು. ಕನ್ನಡಕದಮ್ಮ ‘ಹೇಳ್ತೀನಿ’ ಎಂದಳು. ಹೇಳಿದಳು ಕೂಡ.

ಸುಮ್ಮನೆ ಕೂರಲು ನಾಚಿಕೆಯಾಗಿ ಒಂದು ಸೂಪು ತರಿಸಿದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು. ಕರೆ ಬಂದರೆ ತಕ್ಷಣ ಗೊತ್ತಾಗಬಾರದು ಎಂಬಂತೆ. ತಾನಾಗಿ ಮಾಡಬಾರದು, ಕರೆದವಳು ಅವಳು, ಅವಳೇ ಮಾಡಲಿ. ನಾಲ್ಕು ದಿನದ ಹಿಂದೆ ಸೊಸೆ ಫೋನು ಮಾಡಿದಾಗಲೂ ಒಂದು ವಿಷಯ ಮನಸ್ಸಿಗೆ ತಾಗಿತ್ತು. ‘ನಿಮ್ಮ ಹತ್ರ ಮಾತಾಡೋದಿದೆ. ಅದೇ ಜಾಗಕ್ಕೆ ಬರ್ತೀರಾ? ನಮ್ಮ ಜಾಗಕ್ಕೆ, ಕಿಟಕಿ ಪಕ್ಕ’ ಎಂದಿದ್ದಳೇ ಹೊರತು ಇಡೀ ಮಾತಿನಲ್ಲಿ ಒಂದು ಸಲವೂ ‘ಅತ್ತೆ’ ಎಂದಿರಲಿಲ್ಲ. ಆಕೆ ಫೋನಿಟ್ಟ ಮೇಲೆ ನಿಂತಲ್ಲೇ ಮಾತನ್ನೆಲ್ಲ ಮತ್ತೊಮ್ಮೆ ಮನಸ್ಸಿನಲ್ಲಿ ಜಾಲಾಡಿದ್ದಳು. ಇಲ್ಲ, ಅಂದಿರಲಿಲ್ಲ. ಎಲ್ಲ ಮಾತೂ ‘ನೀವು, ನೀವು’ ಎಂದು ಅಂಚಿನಲ್ಲೇ ಹೆಜ್ಜೆಯಿಟ್ಟು ನಡೆದಿತ್ತು. ಅವಳಾದರೂ ಏನು ಮಾಡಿಯಾಳು, ಈಗ ತಾನು ಯಾರ ಅತ್ತೆ. ಮಗ ಬಿಟ್ಟದ್ದು ಹೆಂಡತಿಯನ್ನು. ಅದಕ್ಕೆ ಕೋರ್ಟು, ವಕೀಲರು, ಸಹಿ, ಎಲ್ಲ ಆಯಿತು. ಅತ್ತೆ ಸೊಸೆಯನ್ನು ಬಿಡಬೇಕೆಂದು ಯಾರೂ ಯಾವ ಕಾಗದಕ್ಕೂ ಸಹಿ ಹಾಕಿಸಿಕೊಂಡಿರಲಿಲ್ಲ. ಆದರೂ ಬಿಟ್ಟ ಹಾಗೇ ಆಗಿಹೋಗಿತ್ತು. ಮಗನ ಕೋಣೆಯ ಮುಂದೆ ಹಾದುಹೋಗುವಾಗ ಕೆಲವೊಮ್ಮೆ ಆಕೆಗೆ ಒಂದು ಕೆಟ್ಟ ಯೋಚನೆ ಬರುತ್ತಿತ್ತು: ಇವನೇ ಮನೆ ಬಿಟ್ಟು ಹೋಗಿ ಅವಳು ಉಳಿದಿದ್ದರೆ. ಆ ಯೋಚನೆ ಬಂದ ತಕ್ಷಣ ಒಳಗೆ ಹೋಗಿ ಅವನಿಗೆ ಬೇಡದಿದ್ದರೂ ಏನಾದರೂ ತಿನ್ನಲು ಮಾಡಿಕೊಡುವಳು. ಇವತ್ತು ಬೆಳಿಗ್ಗೆಯೂ ಹಾಗೇ. ‘ಅಂಗಡಿಯವರ ಜೊತೆ ಹೊರಗಡೆ ಊಟ’ ಎಂದು ಸುಳ್ಳು ಹೇಳಿ, ಆ ಸುಳ್ಳಿಗೆ ಸರಿತೂಗಲೆಂದು ಅವನ ಎರಡು ಅಂಗಿ ಹೆಚ್ಚಿಗೆ ಇಸ್ತ್ರಿ ಮಾಡಿಟ್ಟು ಬಂದಿದ್ದಳು. ‘ಒಳ್ಳೇದಾಯ್ತು, ಹೋಗಿ ಬಾ. ನೀನು ಎಲ್ಲೂ ಹೋಗೋದೇ ಇಲ್ಲ’ ಎಂದಿದ್ದ ಅವನು. ಅಷ್ಟು ಖುಷಿಯಿಂದ ಹೇಳಬಾರದಿತ್ತು.

ಸೂಪು ಮುಗಿಯಿತು. ಫೋಟೋದಲ್ಲಿದ್ದಷ್ಟು ಹಬೆ ಇರಲಿಲ್ಲ, ಉಪ್ಪು ಹೆಚ್ಚಿತ್ತು, ಬೈಯಲು ಜೊತೆಯಿರಲಿಲ್ಲ. ಸಿಟ್ಟು ನಿಧಾನಕ್ಕೆ ಏರತೊಡಗಿತು. ಬರುವುದಿಲ್ಲವೆಂದರೆ ಒಂದು ಮಾತು ಹೇಳಬಹುದಿತ್ತು. ಈ ವಯಸ್ಸಿನವಳನ್ನು ಹೀಗೆ ಬಾಗಿಲ ಪಕ್ಕ ಕೂರಿಸಿ. ಕರೆಯುವಾಗ ‘ಅತ್ತೆ’ ಎನ್ನಲು ಬಾಯಿ ಬರದವಳಿಗೆ ಬರಲು ಕಾಲು ಬರುತ್ತದೆಯೇ. ಎಂಥ ಸೊಗಸಾದ ಮಾತು ಹೊಳೆಯಿತೆಂದು ಆಕೆಗೇ ತುಸು ಸಮಾಧಾನವಾಯಿತು. ಎದುರಿಗೆ ಸಿಕ್ಕರೆ ಅದನ್ನೇ ಅನ್ನಬೇಕು. ಅಷ್ಟರಲ್ಲಿ ಒಳಗಿನ ಯಂತ್ರ ಜೋರಾಗಿ ಹೂಂಗುಟ್ಟಿತು, ಆ ಸದ್ದಿನ ಜೊತೆಗೇ ಇನ್ನೊಂದು ಯೋಚನೆ ಎದೆಗೆ ಬಂದು ಬಡಿಯಿತು: ಬರುವ ದಾರಿಯಲ್ಲಿ ಏನಾದರೂ ಆಗಿದ್ದರೆ. ಅವಳು ಯಾವತ್ತೂ ತಡಮಾಡುವವಳಲ್ಲ. ಕನ್ನಡಕಕ್ಕೆ ನೀರು ಹನಿದಿದ್ದರೂ ಒರೆಸದೆ ರಸ್ತೆ ದಾಟುತ್ತಾಳೆ, ಎಷ್ಟು ಸಲ ಬೈದಿಲ್ಲ. ಏನಾದರೂ ಆದರೆ ತನಗೆ ತಿಳಿಸುವವರಾದರೂ ಯಾರು? ತಾನು ಅವಳಿಗೆ ಏನೂ ಅಲ್ಲವಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬೋರಲು ಬಿದ್ದಿದ್ದ ಫೋನನ್ನು ಎತ್ತಿ ಒತ್ತಿದಳು.

ಅತ್ತ ಕಡೆ ಕಾಯುತ್ತಿದ್ದವಳ ಹಾಗೆ ಸೊಸೆ ತಕ್ಷಣ ಎತ್ತಿದಳು. ‘ಬಂದ್ರಾ?’

‘ಬಂದು ಎಷ್ಟೊತ್ತಾಯ್ತು. ನೀನೆಲ್ಲಿದ್ದೀಯ?’

‘ನಾನೂ ಬಂದು ತುಂಬಾ ಹೊತ್ತಾಯ್ತು. ಕಿಟಕಿ ಪಕ್ಕಾನೇ ಇದ್ದೀನಿ.’

ಆಕೆ ಎದ್ದು ನಿಂತು ಕಿಟಕಿಯ ಕಡೆ ನೋಡಿದಳು. ಗಂಡ, ಹೆಂಡತಿ, ಮಕ್ಕಳು ಒಂದೇ ತಟ್ಟೆಗೆ ಕೈ ಹಾಕುತ್ತಿದ್ದರು. ಈಕೆ ದಿಟ್ಟಿಸಿದ್ದು ನೋಡಿ ಒಂದು ಮಗು ನಾಲಿಗೆ ಚಾಚಿತು. ‘ಕಿಟಕಿ ಪಕ್ಕ ಯಾರೋ ಸಂಸಾರ ಕಟ್ಕೊಂಡು ಕೂತಿದ್ದಾರೆ ಕಣೇ. ನೀನು ಕಾಣ್ತಾ ಇಲ್ಲ.’

‘ಇಲ್ಲಿ ನಾನೊಬ್ಬಳೇ ಇರೋದು. ಸೈಕಲ್ ಚಿತ್ರದ ಕೆಳಗೆ.’

‘ಸೈಕಲ್ಲು ಇಲ್ಲೂ ಇದೆ.’

ಫೋನಿನಲ್ಲಿ ಎರಡೂ ಕಡೆಯ ಹೋಟೆಲಿನ ಸದ್ದು, ಚಮಚ ತಟ್ಟೆಗಳ ಸದ್ದು ಒಂದರೊಳಗೊಂದು ಕೇಳಿಸುತ್ತಿತ್ತು. ಮೊದಲು ಸೊಸೆಗೆ ಹೊಳೆಯಿತು. ‘ನೀವು ನಿಮ್ಮ ಅಂಗಡಿ ಹತ್ರದ್ದಕ್ಕೆ ಹೋಗಿದ್ದೀರಾ? ಅದು ರಿಪೇರಿಗೆ ಅಂತ ಮುಚ್ಚಿತ್ತಲ್ಲ, ಆಮೇಲೆ ಎಲ್ಲ ನಾವು ಕೊಳದ ಎದುರಿನದ್ದಕ್ಕೇ ಹೋಗ್ತಿದ್ದಿದ್ದು.’ ಹೌದು, ಮುಚ್ಚಿತ್ತು. ಮುಚ್ಚಿದ್ದು ತೆರೆದ ಮೇಲೆ ಅವರಿಬ್ಬರೂ ಇಲ್ಲಿಗೆ ಒಟ್ಟಿಗೆ ಬಂದೇ ಇರಲಿಲ್ಲ. ತನಗೆ ‘ನಮ್ಮ ಜಾಗ’ ಎಂದರೆ ಮೊದಲನೆಯದು, ಅವಳಿಗೆ ಕೊನೆಯದು.

‘ನೀವು ಬರೋದೇ ಇಲ್ಲ ಅಂದ್ಕೊಂಡೆ’ ಎಂದಳು ಸೊಸೆ. ದನಿ ಒದ್ದೆಯಾಗಿತ್ತು. ‘ಮನಸ್ಸು ಬದಲಾಯಿಸಿದ್ರೇನೋ, ಫೋನ್ ಮಾಡಿ ಯಾಕೆ ಮುಜುಗರ ಮಾಡೋದು ಅಂತ ಸುಮ್ಮನೆ ಕೂತಿದ್ದೆ.’

‘ನಾನೂ ಅದನ್ನೇ ಅಂದ್ಕೊಂಡೆ. ಸೂಪು ಕುಡಿದೆ. ಉಪ್ಪು ಅಂದ್ರೆ ಉಪ್ಪು.’

‘ಇಲ್ಲೂ ಅಷ್ಟೇ.’

ಆಗ ನಗು ಬಂತು. ಮೊದಲು ಯಾರಿಗೆ ಎಂದು ಹೇಳಲಾಗದು. ಕೈ ಒಣಗಿಸಿಕೊಂಡು ಹೊರಬಂದ ಒಬ್ಬ ಗಂಡಸು, ಫೋನು ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ ಈ ಹೆಂಗಸನ್ನು ನೋಡಿ ತಾನೂ ತುಸು ನಕ್ಕು ಹೋದ. ‘ನಾನೇ ಬರ್ತೀನಿ, ಅಲ್ಲೇ ಇರು’ ಎಂದಳು ಆಕೆ. ‘ಬೇಡ ಬೇಡ, ನೀವು ಹೊರಟು ನಾನೂ ಹೊರಟರೆ ಮತ್ತೆ ಇದೇ ಕತೆ. ನೀವು ಅಲ್ಲಾಡಬೇಡಿ. ಟ್ಯಾಕ್ಸಿ ಹತ್ತಿ ಬರ್ತೀನಿ.’

ಕನ್ನಡಕದಮ್ಮ ಹುಡುಗಿಯನ್ನು ಕರೆದು, ‘ಬರ್ತಾ ಇದ್ದಾಳೆ. ಬೇರೆ ಶಾಖೆಗೆ ಹೋಗ್ಬಿಟ್ಟಿದ್ದಳು’ ಎಂದಳು. ತಪ್ಪು ತನ್ನದೂ ಇರಬಹುದೆಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ. ‘ಮಗಳಾ ಮ್ಯಾಡಮ್?’ ಎಂದು ಆ ಹುಡುಗಿ ಲೋಟಕ್ಕೆ ನೀರು ತುಂಬುತ್ತ ಕೇಳಿದಳು. ‘ಸೊಸೆ’ ಎಂದು ಬಾಯಿಂದ ಬಂದುಬಿಟ್ಟಿತು. ‘ನಿಮ್ಮ ಮುಖ ನೋಡಿದ್ರೆ ಮಗಳೇನೋ ಅನ್ನಿಸ್ತು’ ಎಂದು ಹುಡುಗಿ ಹೋದಳು. ಮುಖ ನೋಡಿ ಏನು ಗೊತ್ತಾಯಿತೋ. ಆಕೆ ಕರವಸ್ತ್ರದಿಂದ ಮುಖವನ್ನೊಮ್ಮೆ ಗಟ್ಟಿಯಾಗಿ ಒರೆಸಿಕೊಂಡಳು.

ಸೊಸೆ ಒಳಬಂದಾಗ ಆಕೆಗೆ ತಕ್ಷಣ ಗುರುತು ಹತ್ತಲಿಲ್ಲ. ಕೂದಲು ಕತ್ತಿನ ಮೇಲಕ್ಕೆ ಕತ್ತರಿಸಿಕೊಂಡಿದ್ದಳು, ಮೈ ಇಳಿದಿತ್ತು. ಆದರೆ ಬಾಗಿಲಲ್ಲಿ ನಿಂತು ಹುಡುಕುವಾಗ ಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲೆ ದೂಡಿಕೊಂಡಳಲ್ಲ, ಅದು ಬದಲಾಗಿರಲಿಲ್ಲ. ಅವಳ ಎಡಗಿವಿ ಬಲಗಿವಿಗಿಂತ ತುಸು ಮೇಲೆ. ಯಾವ ಅಂಗಡಿಯವರೂ ಅದನ್ನು ನೋಡುವುದಿಲ್ಲ, ನೇರವಾಗಿರುವ ಕನ್ನಡಕವೂ ಅವಳ ಮುಖದಲ್ಲಿ ಸೊಟ್ಟಗಾಗುತ್ತದೆ. ಎದುರು ಬಂದು ನಿಂತವಳು ಏನೋ ಹೇಳಲು ಬಾಯಿ ತೆರೆದಳು. ಕನ್ನಡಕದಮ್ಮ, ‘ಕೊಡು ಇಲ್ಲಿ’ ಎಂದು ಕೈ ಚಾಚಿದಳು. ಅವಳು ಕನ್ನಡಕ ತೆಗೆದುಕೊಟ್ಟಳು. ಅದರ ಎಡದ ಕಡ್ಡಿಯನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ, ಹೆಬ್ಬೆರಳಿನಿಂದ ಅಷ್ಟೇ ಅಷ್ಟು ಬಾಗಿಸಿ, ಕರವಸ್ತ್ರದಲ್ಲಿ ಗಾಜು ಒರೆಸಿ ತಾನೇ ಅವಳ ಮುಖಕ್ಕಿಟ್ಟಳು. ‘ಎಷ್ಟು ದಿನದಿಂದ ಹೀಗೇ ಹಾಕ್ಕೊಂಡು ಓಡಾಡ್ತಿದ್ದೀಯ?’

‘ಗೊತ್ತಿಲ್ಲ. ತಲೆ ನೋಯ್ತಿತ್ತು. ನಿದ್ದೆ ಸಾಲದೇನೋ ಅಂದ್ಕೊಂಡಿದ್ದೆ’ ಎಂದು ಅವಳು ಕುಳಿತಳು.

ತರಿಸಿದ್ದು ಯಾವಾಗಲೂ ತರಿಸುವುದನ್ನೇ. ಬೆಣ್ಣೆ ಸವರಿದ ಬ್ರೆಡ್ಡು, ಕೆಂಪು ಸಾಸಿನ ಪಾಸ್ತಾ ಒಂದೇ ತಟ್ಟೆ, ಎರಡು ಫೋರ್ಕು. ಮೊದಮೊದಲು ಮಾತು ಅಂಗಡಿ, ಕೊಳ, ಮಂಡಿನೋವುಗಳ ಸುತ್ತ ಸುತ್ತಿತು. ಮಗನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಮೇಜಿನ ಮೇಲಿಟ್ಟ ಬಿಸಿ ಪಾತ್ರೆಯಿಂದ ಕೈ ದೂರ ಇಡುವ ಹಾಗೆ ಮಾತು ಅದರಿಂದ ದೂರವೇ ಹಾದುಹೋಗುತ್ತಿತ್ತು. ಬಾಗಿಲು ತೆರೆದು ಸೋಪಿನ ವಾಸನೆ ಬಂದಾಗ ಸೊಸೆ ಮೂಗು ಮುರಿದು, ‘ಇಷ್ಟೊಳ್ಳೆ ಜಾಗ ನಿಮಗೆ ಯಾರು ಕೊಟ್ರು?’ ಎಂದಳು. ‘ನಾನೇ ಕೇಳಿ ಹಾಕಿಸ್ಕೊಂಡೆ’ ಎಂದಳು ಆಕೆ. ಆಮೇಲೆ ಸೊಸೆ ಫೋರ್ಕನ್ನು ತಟ್ಟೆಯ ಅಂಚಿಗಿಟ್ಟಳು. ಹೇಳುವುದು ಈಗ ಬಂತು ಎಂದು ತಿಳಿಯಿತು. ಏನೆಂಬುದೂ ತಿಳಿಯಿತು, ಅವಳ ಮುಖದ ಬಣ್ಣದಿಂದಲೇ.

‘ನಾನು ಮದುವೆ ಆಗ್ತಾ ಇದ್ದೀನಿ.’

‘ಒಳ್ಳೇದಾಯ್ತು’ ಎಂದಳು ಕನ್ನಡಕದಮ್ಮ. ಕಿಟಕಿಯ ಮೇಜು ಬಿಟ್ಟು ಎದ್ದಷ್ಟೇ ಬೇಗ ಹೇಳಿದಳು. ಲೋಟ ಎತ್ತಿ ನೀರು ಕುಡಿದಳು. ಅವನು ಯಾರು, ಏನು ಕೆಲಸ ಎಂದು ಕೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ. ‘ತಾಯಿ ಇದ್ದಾರಾ ಅವನಿಗೆ?’

‘ಇದ್ದಾರೆ.’

‘ಹೇಗೆ?’

‘ಒಳ್ಳೆಯವರು. ಅಡುಗೆ ತುಂಬಾ ಚೆನ್ನಾಗಿ ಮಾಡ್ತಾರೆ.’

‘ಹೌದಾ’ ಎಂದಳು. ಬ್ರೆಡ್ಡಿನ ಒಂದು ತುಂಡನ್ನು ಮುರಿದು, ತಿನ್ನದೆ, ಇನ್ನೂ ಸಣ್ಣಗೆ ಮುರಿದಳು. ಯಾವುದೋ ಮನೆಯ ಯಾವುದೋ ಹೆಂಗಸು, ಎಂದೂ ನೋಡಿರದವಳು, ಅಡುಗೆಮನೆಯಲ್ಲಿ ದಾರಿ ಬಿಡದೆ ಗಟ್ಟಿಯಾಗಿ ನಿಂತು ರುಚಿರುಚಿಯಾಗಿ ಮಾಡುತ್ತಿರುವುದು ಕಂಡಿತು. ಅಂಥವಳಿಗೆ ಇವಳ ಎಡಗಿವಿಯ ವಿಷಯ ಗೊತ್ತಾಗಲು ಎಷ್ಟು ವರ್ಷ ಬೇಕೋ. ‘ಅವರನ್ನ ಏನಂತ ಕರೀತೀಯ?’

ಸೊಸೆ ನಕ್ಕಳು. ‘ಇನ್ನೂ ಏನೂ ಕರೆದಿಲ್ಲ. ಇಲ್ನೋಡಿ, ಒಂದ್ನಿಮಿಷ, ಅಂತ ಏನೋ ಮಾಡಿ ಸಾಗಿಸ್ತಿದ್ದೀನಿ.’

‘ಮೊನ್ನೆ ಫೋನಲ್ಲಿ ನನ್ನನ್ನೂ ಹಾಗೇ ಸಾಗಿಸಿದೆ.’

ಅವಳ ಮುಖ ಸಣ್ಣದಾಯಿತು. ಹೇಳಬಾರದಿತ್ತು. ಕಾಯುವಾಗ ಕಟ್ಟಿಟ್ಟುಕೊಂಡ ಆ ಸೊಗಸಾದ ಮಾತಿನ ಒಂದು ಚೂರು ಹೇಗೋ ಹೊರಗೆ ಜಾರಿತ್ತು. ಸೊಸೆ ತಟ್ಟೆಯನ್ನೇ ನೋಡುತ್ತ ಹೇಳಿದಳು: ‘ಅತ್ತೆ ಅಂತ ಕರೆದ್ರೆ ನಿಮಗೆ ಕಷ್ಟ ಆಗತ್ತೇನೋ ಅಂತ. ಮನೇಲಿ ಪಕ್ಕದಲ್ಲಿ ಅವರಿದ್ದು ಕೇಳಿಸಿದ್ರೆ ಅಂತ. ಫೋನ್ ಇಟ್ಟ ಮೇಲೆ ನನಗೇ ಹಿಂಸೆ ಆಯ್ತು. ನನ್ನ ತಾಯಿ ಹೋದ ಮೇಲೆ ಬಾಯ್ತುಂಬ ಯಾರನ್ನಾದ್ರೂ ಕರೆದಿದ್ದು ಅಂತ ಇದ್ರೆ ನಿಮ್ಮನ್ನೇ. ಈಗ ಕರೆಯೋಕೆ ಹಕ್ಕಿದೆಯೋ ಇಲ್ಲವೋ ಗೊತ್ತಾಗಲ್ಲ.’

‘ಕರೆಯೋಕೆ ಹಕ್ಕೇನು ಬಂತು. ಬಾಯಿದ್ರೆ ಆಯ್ತು.’

‘ಹಾಗಾದ್ರೆ ಅತ್ತೆ, ಒಂದು ಕೇಳ್ಲಾ?’ ಎಂದು ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಮದುವೆ ದೊಡ್ಡದಾಗಿ ಏನೂ ಇಲ್ಲ, ನೋಂದಣಿ ಕಚೇರಿಯಲ್ಲಿ ಅಷ್ಟೇ. ಹುಡುಗನ ಕಡೆ ಜನ ಇದ್ದಾರೆ. ಹುಡುಗಿಯ ಕಡೆ ಸಾಕ್ಷಿಗೆ ಒಬ್ಬರು ನಿಲ್ಲಬೇಕು. ಕೊಳದಲ್ಲಿ ಜೊತೆಗೆ ಕೆಲಸ ಮಾಡುವವರನ್ನು ಕರೆಯಬಹುದು, ಬರುತ್ತಾರೆ. ‘ಆದರೆ ಅವರು ಸಾಕ್ಷಿ ಆಗ್ತಾರೆ, ನನ್ನ ಕಡೆಯವರು ಆಗಲ್ಲ. ನನ್ನ ಕಡೆ ಅಂತ ಯೋಚನೆ ಮಾಡಿದ್ರೆ ನೀವು ಬಿಟ್ರೆ ಯಾರೂ ಹೊಳೆಯಲ್ಲ. ಕೇಳಬಾರದ್ದನ್ನ ಕೇಳ್ತಿದ್ದೀನಿ ಅಂತ ಗೊತ್ತು. ಆಗಲ್ಲ ಅನ್ನಿ, ನನಗೇನೂ ಬೇಜಾರಿಲ್ಲ.’

ಬೇಜಾರಿಲ್ಲ ಎನ್ನುವಾಗಲೇ ಕಣ್ಣು ತುಂಬಿತ್ತು. ಕನ್ನಡಕದಮ್ಮನಿಗೆ ಆ ಕ್ಷಣ ಕಂಡದ್ದು ಇವಳಲ್ಲ, ಮಗ. ಇವತ್ತು ರಜಾದಿನವಾದರೂ ಅವನಿಗೆ ಡ್ಯೂಟಿ. ಲಿಫ್ಟ್ ರಿಪೇರಿಯವನು. ಯಾವುದೋ ಎತ್ತರದ ಕಟ್ಟಡದಲ್ಲಿ ಲಿಫ್ಟು ಏರಿಳಿಯುವ ಕತ್ತಲ ಕೊಳವೆಯಲ್ಲಿ, ತಲೆಗೆ ದೀಪ ಕಟ್ಟಿಕೊಂಡು ಹಗ್ಗಗಳ ನಡುವೆ ನಿಂತಿರುತ್ತಾನೆ. ಅಮ್ಮ ಅಂಗಡಿಯವರ ಜೊತೆ ಊಟ ಮಾಡುತ್ತಿದ್ದಾಳೆಂದು ಖುಷಿಯಲ್ಲಿರುತ್ತಾನೆ. ಅವನ ಹೆಂಡತಿಯಾಗಿದ್ದವಳ ಮದುವೆಗೆ ಅವನ ಅಮ್ಮ ಸಹಿ ಹಾಕುವುದು. ಜನ ಏನಂದಾರು ಎನ್ನುವುದು ಹಾಗಿರಲಿ, ಅದನ್ನು ಮುಚ್ಚಿಡಲು ಇನ್ನೆಷ್ಟು ಅಂಗಿ ಇಸ್ತ್ರಿ ಮಾಡಬೇಕು. ಇಲ್ಲ, ಹಾಗೆ ಆಗುವುದಿಲ್ಲ. ಇವಳ ಕಡೆ ನಿಲ್ಲುವುದಾದರೆ ಬೆಳಕಲ್ಲಿ ನಿಲ್ಲಬೇಕು.

‘ಅವನಿಗೆ ಹೇಳದೆ ಬರೋಕಾಗಲ್ಲ ಕಣೇ. ಒಂದ್ನಿಮಿಷ ಕೂತಿರು. ತಣ್ಣಗಾಗತ್ತೆ, ತಿನ್ನು’ ಎಂದು ಫೋನು ತೆಗೆದುಕೊಂಡು ಎದ್ದಳು.

ಹೊರಗೆ ಕಾಲುದಾರಿಯಲ್ಲಿ ಬಿಸಿಲಿತ್ತು. ಹೋಟೆಲಿನ ಗಾಜಿಗೆ ಬೆನ್ನು ಹಾಕಿ ನಿಂತು ಕರೆ ಮಾಡಿದಳು. ಎರಡು ಸಲ ಹೋಗಲಿಲ್ಲ. ಮೂರನೆಯ ಸಲ ಎತ್ತಿದ. ದನಿಗೆ ಕೊಳವೆಯ ಮಾರ್ದನಿಯಿತ್ತು. ‘ಅಮ್ಮ, ಊಟ ಆಯ್ತಾ?’

‘ಆಗ್ತಾ ಇದೆ. ನಿನ್ನ ಹತ್ರ ಸುಳ್ಳು ಹೇಳಿ ಬಂದೆ. ಅಂಗಡಿಯವರ ಜೊತೆ ಅಲ್ಲ, ಅವಳ ಜೊತೆ ಇದ್ದೀನಿ.’

ಯಾರು ಎಂದು ಅವನು ಕೇಳಲಿಲ್ಲ. ಹಿಂದೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ‘ಸುಳ್ಳು ಯಾಕೆ ಹೇಳಿದೆ?’

‘ನಿನಗೆ ಬೇಜಾರಾಗತ್ತೆ ಅಂತ.’

‘ಬೇಜಾರಾಗ್ತಿದೆ’ ಎಂದ. ಫೋನು ಇಟ್ಟನೇನೋ ಎಂದು ಆಕೆ ಕಿವಿಯಿಂದ ತೆಗೆದು ನೋಡಿದಳು. ಇಟ್ಟಿರಲಿಲ್ಲ. ‘ಚೆನ್ನಾಗಿದ್ದಾಳಾ?’

‘ಇದ್ದಾಳೆ. ಸಣ್ಣಗಾಗಿದ್ದಾಳೆ, ಕೂದಲು ಕತ್ತರಿಸ್ಕೊಂಡಿದ್ದಾಳೆ. ಮದುವೆ ಆಗ್ತಾಳಂತೆ.’ ಇದೊಂದನ್ನು ಹೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿಂತರೆ ಮತ್ತೆ ಹೊರಡಲಾರೆ ಎನಿಸಿ ಒಂದೇ ಉಸಿರಿಗೆ ಹೇಳಿದಳು: ‘ಸಾಕ್ಷಿಗೆ ಅವಳ ಕಡೆಯಿಂದ ನಾನು ನಿಲ್ಲಬೇಕಂತೆ. ನೀನು ಬೇಡ ಅಂದ್ರೆ ಹೋಗಲ್ಲ.’

ಬೀದಿಯಲ್ಲಿ ಬಸ್ಸೊಂದು ಬಂದು ನಿಂತು ಜನರನ್ನು ಇಳಿಸಿ ಹೋಯಿತು. ಕೊನೆಗೆ, ‘ಹೋಗು’ ಎಂದ.

‘ಸಿಟ್ಟಲ್ಲಿ ಹೇಳ್ತಿದ್ದೀಯಾ?’

‘ಸಿಟ್ಟು ಇದೆ. ಆದರೂ ಹೋಗು. ಅವಳ ಕಡೆ ಅಂತ ಇನ್ಯಾರಿದ್ದಾರೆ.’ ಆಮೇಲೆ, ‘ಇಡ್ತೀನಿ ಅಮ್ಮ, ಮೇಲೆ ಜನ ಕಾಯ್ತಿದ್ದಾರೆ’ ಎಂದು ಇಟ್ಟ.

ಒಳಗೆ ಸೊಸೆ ತಟ್ಟೆಯನ್ನು ಮುಟ್ಟಿರಲಿಲ್ಲ. ಆಕೆ ಬಂದು ಕೂತು, ‘ಬರ್ತೀನಿ. ಅವನೇ ಹೋಗು ಅಂದ’ ಎಂದಾಗ ಅವಳು ತಲೆ ಬಗ್ಗಿಸಿದಳು. ಕತ್ತರಿಸಿದ ಕೂದಲ ಕೆಳಗೆ ಬರಿದಾದ ಕತ್ತು ಎಳೆ ಮಗುವಿನದರಂತೆ ಕಾಣುತ್ತಿತ್ತು. ಕನ್ನಡಕದಮ್ಮ ತಣ್ಣಗಾದ ಪಾಸ್ತಾವನ್ನು ಫೋರ್ಕಿನಿಂದ ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಅವಳ ಕಡೆ ದೂಡಿದಳು. ಇಬ್ಬರೂ ತಟ್ಟೆ ಖಾಲಿಯಾಗುವವರೆಗೆ ತಿಂದರು. ತಣ್ಣಗಾದ ಮೇಲೆ ಅದು ಇನ್ನೂ ಕೆಟ್ಟದಾಗಿತ್ತು, ಅದನ್ನೂ ಹೇಳಿಕೊಂಡರು.

ಸಂಜೆ ಮಗ ಬಂದಾಗ ಆಕೆ ತರಕಾರಿ ಹೆಚ್ಚುತ್ತಿದ್ದಳು. ಅವನು ಕೈಕಾಲು ತೊಳೆದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಎಂದೂ ಅಲ್ಲಿ ಕೂರುವವನಲ್ಲ. ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿತ್ತು. ‘ಏನು ತಿಂದ್ರಿ?’ ಎಂದು ಕೇಳಿದ. ಆಕೆ ಹೇಳಿದಳು. ‘ಎಲ್ಲಿ ಕೂತಿದ್ರಿ?’ ಅದನ್ನೂ ಹೇಳಿದಳು: ಎರಡು ಶಾಖೆಗಳ ಕತೆ, ಕಿಟಕಿಯ ಮೇಜಿಂದ ಎಬ್ಬಿಸಿದ್ದು, ಟಿಶ್ಯೂ ಮುಗಿದಿದೆ ಎಂದ ಹೆಂಗಸು. ಅಲ್ಲಿ ಅವನು ನಕ್ಕ. ನಕ್ಕು, ಮತ್ತೇನು ಎನ್ನುವಂತೆ ಆಕೆಯ ಮುಖ ನೋಡಿದ. ಊಟದ ವಿಷಯ ಕೇಳುತ್ತ ಅವನು ಕೇಳುತ್ತಿರುವುದು ಏನೆಂದು ಆಕೆಗೆ ತಿಳಿದು, ಗೊತ್ತಿದ್ದುದನ್ನೆಲ್ಲ ಹೇಳಿದಳು. ಕೊಳದಲ್ಲಿ ಈಗ ದೊಡ್ಡವರಿಗೂ ಕಲಿಸುತ್ತಾಳಂತೆ. ತಲೆನೋವು ಬರುತ್ತಿತ್ತಂತೆ. ಬ್ರೆಡ್ಡಿನ ಅಂಚನ್ನು ಈಗಲೂ ಬಿಡುತ್ತಾಳೆ. ಮದುವೆಯಾಗುವವನ ವಿಷಯ ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಆಮೇಲೆ ಅವನು ಆಕೆಯ ಕೈಯಿಂದ ಚಾಕು ತೆಗೆದುಕೊಂಡು ಉಳಿದ ತರಕಾರಿಯನ್ನು ತಾನೇ ಹೆಚ್ಚತೊಡಗಿದ. ಒಂದೊಂದು ತುಂಡೂ ಒಂದೊಂದು ಅಳತೆ. ಆಕೆ ಅವನ್ನು ಹಾಗೇ ಪಾತ್ರೆಗೆ ಹಾಕಿಕೊಂಡಳು.

‘ಆ ದಿನ ಕಚೇರಿಗೆ ಹೇಗೆ ಹೋಗ್ತೀಯ?’ ಎಂದ, ತಲೆಯೆತ್ತದೆ.

‘ಬಸ್ಸಿದೆಯಲ್ಲ.’

‘ಬಸ್ಸು ಬೇಡ. ಒಳ್ಳೆ ಬಟ್ಟೆ ಹಾಕ್ಕೊಂಡಿರ್ತೀಯ, ಮಂಡಿನೋವು ಬೇರೆ. ನಾನೇ ಬಿಟ್ಟು ಬರ್ತೀನಿ’ ಎಂದ. ತುಸು ಹೊತ್ತು ಹೆಚ್ಚುತ್ತಲೇ ಇದ್ದ. ‘ಒಳಗೆ ಬರಲ್ಲ. ಹೊರಗಡೆ ಇರ್ತೀನಿ.’